ಹಾಸನದ ಅಡುಗೆಮನೆಯಲ್ಲಿ ಈಜಿಪ್ಟಿನ ಮಣಿಗಳು: ಪಾಲಿಮರ್ ಕ್ಲೇ ಒಡವೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಮನೆಯಲ್ಲೇ ಪಾಲಿಮರ್ ಕ್ಲೇ ಒಡವೆ ಮಾಡುತ್ತೇನೆ. ಭಾನುವಾರ ಆಸಕ್ತಿ ಇದ್ದವರಿಗೆ ಹೇಳಿಕೊಡುತ್ತೇನೆ ಕೂಡ. ಕಾಲೇಜು ಹುಡುಗಿಯರು ಬರುತ್ತಾರೆ, ನಿವೃತ್ತರಾದ ಒಬ್ಬ ಅಂಕಲ್ ಬರುತ್ತಾರೆ, ಸಕಲೇಶಪುರದ ಕಡೆಯ ತೋಟದ ಮನೆಯಿಂದ ಒಬ್ಬ ಅಕ್ಕ ಬಸ್ಸು ಹತ್ತಿ ಬರುತ್ತಾರೆ. ಹಳೆಯ ಈಜಿಪ್ಟಿನ ಕಲ್ಲು, ಚಿನ್ನ, ನೀಲಿ ಮಣಿ ಇವುಗಳ ಹಾಗೆ ಕಾಣುವ ಒಡವೆ ಬಗ್ಗೆಯೇ ಎಲ್ಲರ ಪ್ರಶ್ನೆ ಜಾಸ್ತಿ. ಅದೇ ಉತ್ತರ ಎಷ್ಟು ಸಲ ಹೇಳೋದು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಪಾಲಿಮರ್ ಕ್ಲೇ ಅಂದರೆ ಮಣ್ಣಾ?

ಅಲ್ಲ. ಹೆಸರಷ್ಟೇ ಕ್ಲೇ. ಇದು ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಒಂದು ಎಣ್ಣೆಯಂಥ ದ್ರವ, ಜೊತೆಗೆ ಬಣ್ಣ. ಬೋರ್‌ವೆಲ್ ಪೈಪಿನ ಜಾತಿಯದೇ ಅನ್ನಿ. ಗಾಳಿಗೆ ಒಣಗಿ ಗಟ್ಟಿಯಾಗುವುದಿಲ್ಲ, ಬಿಸಿ ತಾಗಿದರೆ ಮಾತ್ರ ಗಟ್ಟಿಯಾಗುತ್ತದೆ. ಟೆರ್ರಾಕೋಟಾ ಒಡವೆ ಮಾಡಿ ಅಭ್ಯಾಸ ಇದ್ದವರು ಮೊದಲು ಇಲ್ಲೇ ಎಡವುತ್ತಾರೆ. ನೀರು ಹಚ್ಚಿ ನಾದುತ್ತಾರೆ. ದಯವಿಟ್ಟು ನೀರು ಹಚ್ಚಬೇಡಿ. ಒಳಗೆ ಸಿಕ್ಕಿಕೊಂಡ ನೀರು ಓವನ್‌ನಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಇಲ್ಲಿ ಹೆಚ್ಚಾಗಿ ಸಿಗುವುದು ಫಿಮೊ ಮತ್ತು ಸ್ಕಲ್ಪಿ ಎಂಬ ಬ್ರ್ಯಾಂಡ್‌ಗಳು. ಎರಡೂ ಆಗುತ್ತವೆ. ಆದರೆ ಬೇಯಿಸುವ ಶಾಖ ಬೇರೆ ಬೇರೆ, ಅದು ಮುಂದೆ ಬರುತ್ತದೆ.

ಬೇಲೂರು ಹಳೇಬೀಡು ಪಕ್ಕದಲ್ಲೇ ಇಟ್ಟುಕೊಂಡು ಈಜಿಪ್ಟ್ ಯಾಕೆ?

ಇದನ್ನು ಕೇಳದವರೇ ಇಲ್ಲ! ನನಗೆ ಎರಡೂ ಬೇಕು. ನಿಜ ಹೇಳಬೇಕೆಂದರೆ ನನಗೆ ಈಜಿಪ್ಟಿನ ಹುಚ್ಚು ಹತ್ತಿದ್ದೇ ಬೇಲೂರಿನಲ್ಲಿ. ಮದನಿಕೆಯರ ಕೈಯ ಬಳೆ, ತೋಳಬಂದಿ, ಕೊರಳ ಹಾರ ಹತ್ತಿರದಿಂದ ನೋಡಿ. ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದು ಬಳಪದ ಕಲ್ಲಿನಿಂದ. ಮೆತ್ತಗಿನ ಕಲ್ಲು, ಉಳಿ ಇಟ್ಟಲ್ಲಿ ಹೋಗುತ್ತದೆ.

ಅದೇ ಜಾತಿಯ ಕಲ್ಲನ್ನು ಈಜಿಪ್ಟಿನವರೂ ಸಾವಿರಾರು ವರ್ಷ ಮುಂಚೆ ಬಳಸಿದ್ದರು. ಅವರ ಜೀರುಂಡೆ ತಾಯಿತಗಳಲ್ಲಿ ಬಹುಪಾಲು ಬಳಪದ ಕಲ್ಲಿನವೇ. ಅದನ್ನು ಕೆತ್ತಿ, ಮೇಲೆ ನೀಲಿ ಹಸಿರು ಗಾಜಿನ ಹೊಳಪು ಕೊಟ್ಟು ಸುಡುತ್ತಿದ್ದರು. ಸುಟ್ಟ ಮೇಲೆ ಆ ಮೆತ್ತಗಿನ ಕಲ್ಲೇ ಗಟ್ಟಿಯಾಗುತ್ತಿತ್ತು. ನಮ್ಮವರು ದೊಡ್ಡ ಗುಡಿ ಮಾಡಿದರು, ಅವರು ಉಗುರಿನಷ್ಟು ಹುಳ ಮಾಡಿದರು.

ನಕಲಿ ಮಾಡೋದು ಮೋಸ ಅಲ್ವಾ?

ಈಜಿಪ್ಟಿನವರನ್ನೇ ಕೇಳಿ. ನಾವು ಮ್ಯೂಸಿಯಂ ಚಿತ್ರಗಳಲ್ಲಿ ನೋಡುವ ಆ ಹೊಳೆಯುವ ನೀಲಿ ಮಣಿ, ನೀಲಿ ನೀರಾನೆ ಬೊಂಬೆ, ಅವು ಕಲ್ಲಲ್ಲ. ಅದಕ್ಕೆ ಫೈಯೆನ್ಸ್ ಅನ್ನುತ್ತಾರೆ. ಬೆಣಚುಕಲ್ಲಿನ ಪುಡಿ, ಸ್ವಲ್ಪ ಸುಣ್ಣ, ನೇಟ್ರಾನ್ ಎಂಬ ಕ್ಷಾರ ಇಲ್ಲವೇ ಗಿಡದ ಬೂದಿ, ಬಣ್ಣಕ್ಕೆ ತಾಮ್ರ, ಇಷ್ಟನ್ನು ಕಲಸಿ ಸುಮಾರು 800ರಿಂದ 1000 ಡಿಗ್ರಿಯಲ್ಲಿ ಸುಟ್ಟು ಮಾಡಿದ ವಸ್ತು. ಯಾಕೆ ಮಾಡಿದರು? ಟರ್ಕ್ವಾಯ್ಸ್, ಲಾಪಿಸ್‌ನಂಥ ನೀಲಿ ಕಲ್ಲು ದುಬಾರಿ, ಸಿಗುವುದು ಕಷ್ಟ. ಅದರ ಬಣ್ಣವನ್ನು ಒಲೆಯಲ್ಲಿ ಹುಟ್ಟಿಸಿಕೊಂಡರು. ಅಂದರೆ ಅದೂ ನಕಲೇ. ಅದಕ್ಕೆ ಅವರು ಇಟ್ಟ ಹೆಸರು 'ಚೆಹೆನೆತ್', ಹೊಳೆಯುವಂಥದ್ದು ಅಂತ ಅರ್ಥ. ನಾಚಿಕೆ ಪಟ್ಟುಕೊಂಡ ಹೆಸರಲ್ಲ ಅದು.

ಇನ್ನೊಂದು ಸಂಗತಿ. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ತಂಡಕ್ಕೆ ಸಿಕ್ಕಿದ ಟುಟಾಂಖಾಮನ್ ದೊರೆಯ ಸಮಾಧಿಯ ಚಿನ್ನದ ಮುಖವಾಡ 10 ಕಿಲೋಗೂ ಜಾಸ್ತಿ ತೂಗುತ್ತದೆ. ಅದರ ತಲೆವಸ್ತ್ರದ ನೀಲಿ ಪಟ್ಟೆಗಳು ಲಾಪಿಸ್ ಅಲ್ಲ, ನೀಲಿ ಗಾಜು! ದೊರೆಯ ಮುಖಕ್ಕೇ ಗಾಜು ಆಗುತ್ತದೆ ಅಂದಮೇಲೆ ನನ್ನ ಪಾಲಿಮರ್ ಕ್ಲೇ ಬಗ್ಗೆ ನನಗೆ ಸಂಕೋಚವಿಲ್ಲ. ಅವರ ಭಾಷೆಯಲ್ಲಿ 'ನಿಜವಾದ ಲಾಪಿಸ್' ಮತ್ತು 'ಮಾಡಿದ ಲಾಪಿಸ್' ಅಂತ ಎರಡು ಬೇರೆ ಮಾತೇ ಇತ್ತು. ನಾವು ಮಾಡುವುದು 'ಮಾಡಿದ'ದ್ದು. ಕೇಳಿದವರಿಗೆ ಹಾಗಂತಲೇ ಹೇಳಬೇಕು, ಅಷ್ಟೇ.

ಶುರು ಮಾಡೋಕೆ ಏನೇನು ತಗೋಬೇಕು?

ಸುಮ್ನೆ ಆನ್‌ಲೈನ್‌ನಲ್ಲಿ ದೊಡ್ಡ ಕಿಟ್ ತರಿಸಬೇಡಿ. ಕ್ಲೇ ಐದು ಬಣ್ಣ ಸಾಕು: ಬಿಳಿ, ಕಪ್ಪು, ಕಡು ನೀಲಿ, ಟರ್ಕ್ವಾಯ್ಸ್ ನೀಲಿ, ಮತ್ತೆ ಮುಖ್ಯವಾಗಿ ಟ್ರಾನ್ಸ್‌ಲೂಸೆಂಟ್ ಅನ್ನುವ ಅರೆಪಾರದರ್ಶಕ ಕ್ಲೇ. ಜೊತೆಗೆ ಹಳದಿ ಮಣ್ಣಿನ ಬಣ್ಣ, ಹಸಿರು, ಕಿತ್ತಳೆ, ಕೆಂಪು, ನೇರಳೆ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ.

ಉಳಿದದ್ದು ಮನೆಯಲ್ಲೇ ಇದೆ. ಗ್ರಾನೈಟ್ ಕಟ್ಟೆ ಇದ್ದರೆ ಅದಕ್ಕಿಂತ ಒಳ್ಳೆ ಕೆಲಸದ ಮೇಜು ಬೇಡ. ಮೇಲೆ ಒಂದು ಟೈಲ್ಸ್ ತುಂಡು ಇಟ್ಟುಕೊಳ್ಳಿ. ಹಳೇ ಲಟ್ಟಣಿಗೆ, ಬ್ಲೇಡು, ಹಳೇ ಹಲ್ಲುಜ್ಜುವ ಬ್ರಷ್ಷು, ತೂತು ಮಾಡಲು ದಬ್ಬಣ ಬೇಕು. ಬೇಯಿಸುವಾಗ ಮಣಿ ಪೋಣಿಸಿಡಲು ಸೈಕಲ್ ಸ್ಪೋಕು. ಉದ್ದುದ್ದ ಎಳೆ ಬೇಕಾದರೆ ಚಕ್ಕುಲಿ ಒತ್ತು ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಒಮ್ಮೆ ಕ್ಲೇ ಹಾಕಿದ ಒತ್ತನ್ನು ಮತ್ತೆ ಚಕ್ಕುಲಿಗೆ ಬಳಸಬಾರದು. ನಮ್ಮ ಅತ್ತೆಯ ಒತ್ತು ಹೀಗೇ ಹೋಯಿತು, ಆ ದೀಪಾವಳಿಗೆ ಹೊಸದು ತಂದುಕೊಟ್ಟು ಬಚಾವಾದೆ.

ಮೊದಲು ಯಾವುದನ್ನು ಮಾಡಲಿ?

ಫೈಯೆನ್ಸ್ ಮಣಿ. ತಪ್ಪಾದರೂ ಚೆನ್ನಾಗಿ ಕಾಣುವ ವಸ್ತು ಇದೊಂದೇ.

ಎಲ್ಲರೂ ಮಾಡುವ ತಪ್ಪು ಏನು ಗೊತ್ತಾ? ನೀಲಿ ಕ್ಲೇ ತೆಗೆದುಕೊಂಡು ಉಂಡೆ ಮಾಡಿ ತೂತು ಹಾಕುತ್ತಾರೆ. ಅದು ಪ್ಲಾಸ್ಟಿಕ್ ಮಣಿ ತರಹವೇ ಕಾಣುತ್ತದೆ. ಫೈಯೆನ್ಸ್ ಒಳಗೆಲ್ಲ ನೀಲಿ ಅಲ್ಲ. ಒಳಗೆ ಬಿಳಿಚು, ಸಕ್ಕರೆ ಅಚ್ಚಿನಂಥ ಮೈ. ಮೇಲೆ ಮಾತ್ರ ತೆಳ್ಳಗಿನ ನೀಲಿ ಪದರ. ಆ ಪದರ ಬರುತ್ತಿದ್ದ ರೀತಿಯೂ ಚೆಂದ: ಹಸಿ ಮಣಿ ಒಣಗುವಾಗ ಒಳಗಿನ ಲವಣ ಮೇಲಕ್ಕೆ ಬಂದು ಕೂರುತ್ತಿತ್ತು, ಸುಟ್ಟಾಗ ಅದೇ ಕರಗಿ ಗಾಜಾಗುತ್ತಿತ್ತು. ಹೊಸ ಸಿಮೆಂಟ್ ಗೋಡೆಯ ಮೇಲೆ ಬಿಳಿ ಉಪ್ಪು ಹೂ ಬಿಡುತ್ತದಲ್ಲ, ಅದೇ ಕ್ರಿಯೆ.

ಹಾಗಾಗಿ ನಾನು ಮಾಡುವುದು ಹೀಗೆ. ನಮ್ಮ ಅಳತೆ ಅಡಿಕೆ. ಬಿಳಿ ಎರಡು ಅಡಿಕೆ ಗಾತ್ರ, ಟ್ರಾನ್ಸ್‌ಲೂಸೆಂಟ್ ಒಂದು ಅಡಿಕೆ, ಹಳದಿ ಮಣ್ಣಿನ ಬಣ್ಣ ಮೆಣಸಿನ ಕಾಳಿನಷ್ಟು. ಇದು ಒಳಗಿನ ಮೈ. ಸಣ್ಣ ಕಡ್ಡಿಯಂತೆ ಹೊಸೆಯಿರಿ. ಹೊರಗಿನ ಪದರಕ್ಕೆ ಟರ್ಕ್ವಾಯ್ಸ್ ನೀಲಿ ಒಂದು ಅಡಿಕೆ, ಟ್ರಾನ್ಸ್‌ಲೂಸೆಂಟ್ ಎರಡು ಅಡಿಕೆ, ಹಸಿರು ಬಣ್ಣ ಮೆಣಸಿನ ಕಾಳಿನಷ್ಟು. ಇದನ್ನು ದೋಸೆಗಿಂತ ತೆಳ್ಳಗೆ ಲಟ್ಟಿಸಿ ಬಿಳಿ ಕಡ್ಡಿಗೆ ಸುತ್ತಿ. ಮತ್ತೆ ಹೊಸೆದು, ಬ್ಲೇಡಿನಿಂದ ತುಂಡು ಮಾಡಿ, ತೂತು ಹಾಕಿ. ಈಗ ತೂತಿನ ಬಾಯಿಯಲ್ಲಿ ಬಿಳಿ ಮೈ ಇಣುಕುತ್ತದೆ. ಅದನ್ನು ಮುಚ್ಚಬೇಡಿ! ನಿಜವಾದ ಹಳೆ ಮಣಿಯಲ್ಲೂ ಹಾಗೇ ಕಾಣುತ್ತದೆ.

ಮಣಿಯನ್ನು ಒರಟು ಉಜ್ಜುಕಾಗದದ ಮೇಲೆ ಮೆಲ್ಲಗೆ ಒಂದು ಸುತ್ತು ಉರುಳಿಸಿ. ಅಲ್ಲೊಂದು ಇಲ್ಲೊಂದು ಕಲ್ಲುಪ್ಪಿನ ಹರಳು ಒತ್ತಿ ಬೇಯಿಸಿ, ಆಮೇಲೆ ನೀರಿನಲ್ಲಿ ನೆನೆಸಿದರೆ ಉಪ್ಪು ಕರಗಿ ಗುಳಿ ಉಳಿಯುತ್ತದೆ. ನಂತರ ಕಂದು ಅಕ್ರಿಲಿಕ್ ಬಣ್ಣ ತೆಳುಮಾಡಿ ಬಳಿದು ತಕ್ಷಣ ಒರೆಸಿಬಿಡಿ, ಗುಳಿಗಳಲ್ಲಿ ಮಾತ್ರ ನಿಲ್ಲಲಿ. ಕೊನೆಗೆ ನೀರಿನಲ್ಲಿ ಬೆರೆಯುವ ವಾರ್ನಿಷ್‌ಗೆ ಒಂದು ತೊಟ್ಟು ನೀಲಿ ಹಸಿರು ಬಣ್ಣ ಬೆರೆಸಿ ಹಚ್ಚಿ, ಒಂದು ಪಕ್ಕಕ್ಕೆ ಓರೆಯಾಗಿ ಒಣಗಲು ಬಿಡಿ. ಆ ಪಕ್ಕ ಬಣ್ಣ ದಟ್ಟವಾಗಿ ನಿಲ್ಲುತ್ತದೆ. ಒಲೆಯಲ್ಲಿ ಗಾಜು ಹರಿದ ಹಾಗೆ.

ಎಲ್ಲ ಮಣಿ ಒಂದೇ ಅಳತೆ ಬೇಕಿಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನ ಆಲೂಗಡ್ಡೆ ರಾಶಿ ನೋಡಿ, ಯಾವುದೂ ಇನ್ನೊಂದರ ಹಾಗಿಲ್ಲ. ಮಣಿಯೂ ಹಾಗೇ ಇರಲಿ.

ಲಾಪಿಸ್ ಲಜುಲಿ ಮಾಡಿದರೆ ಬರೀ ನೀಲಿ ಉಂಡೆ ಆಗುತ್ತದೆ. ಯಾಕೆ?

ನೀವು ತುಂಬ ಚೆನ್ನಾಗಿ ನಾದಿದ್ದೀರಿ, ಅದಕ್ಕೇ. ಚಪಾತಿ ಹಿಟ್ಟಿನ ಅಭ್ಯಾಸ ಇಲ್ಲಿ ಬೇಡ.

ಲಾಪಿಸ್ ಕಲ್ಲು ಈಜಿಪ್ಟಿನದಲ್ಲ. ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ಕೈ ಬದಲಾಯಿಸುತ್ತ ಅಷ್ಟು ದೂರ ಬರುತ್ತಿತ್ತು. ಅದರಲ್ಲಿ ಕಡು ನೀಲಿ ಇದೆ, ಬಿಳಿ ಗೆರೆ ಇದೆ, ಚಿನ್ನದ ಚುಕ್ಕಿಯಂತೆ ಹೊಳೆಯುವ ಪೈರೈಟ್ ಇದೆ. ಕಡು ನೀಲಿ ಕ್ಲೇಯನ್ನು ಮೂರು ಭಾಗ ಮಾಡಿ. ಒಂದಕ್ಕೆ ಕಪ್ಪು ಚೂರು, ಒಂದಕ್ಕೆ ನೇರಳೆ ಚೂರು ಬೆರೆಸಿ, ಮೂರನೆಯದಕ್ಕೆ ಅರ್ಧದಷ್ಟು ಟ್ರಾನ್ಸ್‌ಲೂಸೆಂಟ್ ಸೇರಿಸಿ. ಮೂರನ್ನೂ ಈರುಳ್ಳಿ ಹೆಚ್ಚಿದ ಹಾಗೆ ಬ್ಲೇಡಿನಿಂದ ಸಣ್ಣಗೆ ಕೊಚ್ಚಿ. ಬಿಳಿ ಕ್ಲೇ ಒಂದೆರಡು ಎಳೆ, ಚಿನ್ನದ ಬಣ್ಣದ ಹಾಳೆಯ ಪುಡಿ ಚಿಟಿಕೆ ಉದುರಿಸಿ ಒತ್ತಿ ಒಂದು ಮುದ್ದೆ ಮಾಡಿ. ನಾದಬೇಡಿ, ಒತ್ತಿ ಅಷ್ಟೇ. ಕತ್ತರಿಸಿದಾಗ ಒಳಗೆ ಆಕಾಶ ಕಾಣಬೇಕು.

ಗ್ಲಿಟರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಹುಟ್ಟುಹಬ್ಬದ ಟೋಪಿ ತರಹ ಕಾಣುತ್ತದೆ.

ಟರ್ಕ್ವಾಯ್ಸ್‌ನಲ್ಲಿ ಆ ಕಂದು ಗೆರೆ ಹೇಗೆ ಬರುತ್ತೆ?

ಕೊಚ್ಚಿದ ಚೂರುಗಳಿಗೆ ಬಣ್ಣ ಬಳಿದು ಬರಿಸುವುದು. ಟರ್ಕ್ವಾಯ್ಸ್ ನೀಲಿಗೆ ಬಿಳಿ, ಹಸಿರು ಬೆರೆಸಿ ಎರಡು ಮೂರು ಛಾಯೆ ಮಾಡಿಕೊಳ್ಳಿ. ಈಜಿಪ್ಟಿನ ಟರ್ಕ್ವಾಯ್ಸ್ ಸಿನಾಯ್‌ನ ಗಣಿಗಳಿಂದ, ಸೆರಾಬಿತ್ ಎಲ್ ಖಾದಿಮ್‌ನಂಥ ಜಾಗಗಳಿಂದ ಬರುತ್ತಿತ್ತು. ಅದು ಸ್ವಲ್ಪ ಹಸಿರಿನ ಕಡೆ ವಾಲಿದ ಬಣ್ಣ, ಆಕಾಶ ನೀಲಿ ಬೇಡ. ಅಲ್ಲಿ ಹಾಥೋರ್ ದೇವತೆಗೆ ಗುಡಿಯೇ ಇತ್ತು, ಅವಳಿಗೆ ಟರ್ಕ್ವಾಯ್ಸ್‌ನ ಒಡತಿ ಅಂತ ಬಿರುದು.

ಚೂರುಗಳನ್ನು ಕಡಲೆಕಾಳಿನಿಂದ ಸಾಸಿವೆ ತನಕ ಎಲ್ಲ ಗಾತ್ರದಲ್ಲಿ ಕೊಚ್ಚಿ. ಕಂದು ಅಕ್ರಿಲಿಕ್ ಬಣ್ಣ ಹಾಕಿ ಕೈಯಲ್ಲಿ ಕಲಸಿ, ಚುರುಮುರಿ ಕಲಸಿದ ಹಾಗೆ. ಇಲ್ಲಿ ತಾಳ್ಮೆ ಬೇಕು. ಬಣ್ಣ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಬೇಯುವಾಗ ಗುಳ್ಳೆ. ಒಣಗಿದ ಮೇಲೆ ಒತ್ತಿ ಮಣಿ ಮಾಡಿ ಬೇಯಿಸಿ. ಹೊರಗೆ ಬಂದಾಗ ಕೊಳಕು ಕಂದು ಉಂಡೆ ಥರ ಇರುತ್ತದೆ. ಎಲ್ಲರೂ ಹಾಳಾಯ್ತು ಅಂದುಕೊಳ್ಳುತ್ತಾರೆ. ನೀರಿನಲ್ಲಿ ಉಜ್ಜುತ್ತಾ ಹೋಗಿ, ಕಂದು ಹೋಗಿ ನೀಲಿ ತೆರೆದುಕೊಳ್ಳುತ್ತದೆ, ಗೆರೆ ಉಳಿಯುತ್ತದೆ. ನನಗೆ ಇಷ್ಟು ವರ್ಷ ಆದ ಮೇಲೂ ಆ ಕ್ಷಣ ಬೇಜಾರಾಗಿಲ್ಲ.

ಕಾರ್ನೀಲಿಯನ್ ಕೆಂಪು ಕಲ್ಲಿಗೆ?

ಟ್ರಾನ್ಸ್‌ಲೂಸೆಂಟ್ ಮುಕ್ಕಾಲು ಪಾಲು, ಉಳಿದದ್ದು ಕಿತ್ತಳೆ, ಕೆಂಪು ಬಣ್ಣ ಮಾತ್ರ ಮೆಣಸಿನ ಕಾಳಿನಷ್ಟು. ಬಣ್ಣ ಕಡಿಮೆ ಹಾಕಿ, ಬೆಂದ ಮೇಲೆ ಗಾಢವಾಗುತ್ತದೆ. ಓವನ್‌ನಿಂದ ತೆಗೆದ ಕೂಡಲೇ ಐಸ್ ನೀರಿಗೆ ಹಾಕಿದರೆ ಬೆಳಕು ಇನ್ನಷ್ಟು ಹಾಯುತ್ತದೆ. ಕಾಫಿ ಸೋಸಿ ಉಳಿದ ಚರಟವನ್ನು ಚೆನ್ನಾಗಿ ಒಣಗಿಸಿ ಒಂದು ಚಿಟಿಕೆ ಬೆರೆಸಿದರೆ ಹಳೆ ಕಲ್ಲಿನ ಕಪ್ಪು ಚುಕ್ಕಿ ಬರುತ್ತದೆ. ಚಿಕ್ಕಮಗಳೂರಿನಿಂದ ಬಂದವರು ನಮ್ಮ ತೋಟದ ಪುಡಿಯೇ ಆಗಬೇಕಾ ಅಂತ ಕೇಳಿದರು. ಚಿಕೋರಿ ಬೆರೆಸಿದ್ದೂ ಆಗುತ್ತದೆ, ಪರವಾಗಿಲ್ಲ! ಅರಿಶಿನ, ಕುಂಕುಮ ಮಾತ್ರ ಬೇಡ. ಅರಿಶಿನ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ.

ಚಿನ್ನ?

ಹಳದಿ ಮಣ್ಣಿನ ಬಣ್ಣದ ಕ್ಲೇ ಮೇಲೆ ಬೇಯಿಸುವ ಮುಂಚೆಯೇ ಚಿನ್ನದ ಬಣ್ಣದ ಮೈಕಾ ಪುಡಿಯನ್ನು ಬೆರಳಿನಿಂದ ತಿಕ್ಕಿ. ಬೆಂದ ಮೇಲೆ ವಾರ್ನಿಷ್. ಗೋಲ್ಡ್ ಪೇಂಟ್ ಹಚ್ಚಿದರೆ ಬೊಂಬೆ ಅಂಗಡಿ ಕಿರೀಟ ಆಗುತ್ತದೆ. ನಡುನಡುವೆ ಬೆಳ್ಳಿ ಬಣ್ಣದ ಪುಡಿ ಸ್ವಲ್ಪ ಸೇರಿಸಿ, ಅವರ ಚಿನ್ನದಲ್ಲಿ ಬೆಳ್ಳಿ ತಾನಾಗಿಯೇ ಬೆರೆತಿರುತ್ತಿತ್ತು, ಬಣ್ಣ ಒಂದೇ ಸಮ ಇರುತ್ತಿರಲಿಲ್ಲ. ಮೈಕಾ ಪುಡಿ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ.

ಜೀರುಂಡೆ ತಾಯಿತ ಮಾಡೋದು ಕಷ್ಟವಾ?

ಮಲೆನಾಡಿನವರಿಗೆ ಕಷ್ಟವೇ ಅಲ್ಲ, ಆ ಹುಳ ನೋಡದವರು ಯಾರಿದ್ದಾರೆ? ಸಗಣಿಯ ಉಂಡೆಯನ್ನು ಹಿಂಗಾಲಲ್ಲಿ ತಳ್ಳಿಕೊಂಡು ಹೋಗುತ್ತದಲ್ಲ, ಅದೇ. ಅದು ಉಂಡೆ ಉರುಳಿಸುವುದನ್ನು ನೋಡಿ ಈಜಿಪ್ಟಿನವರು ಸೂರ್ಯನನ್ನು ಆಕಾಶದಲ್ಲಿ ಉರುಳಿಸುವ ಖೆಪ್ರಿ ದೇವರನ್ನು ಕಂಡರು.

ಕಾಫಿ ಬೀಜವನ್ನು ಬೋರಲು ಹಾಕಿದ ಆಕಾರ ಮಾಡಿ, ಕೆಳಗೆ ಚಪ್ಪಟೆ, ಮೇಲೆ ಉಬ್ಬು. ಉದ್ದಕ್ಕೆ ತೂತು ಈಗಲೇ ಹಾಕಿಬಿಡಿ, ಆಮೇಲೆ ಹಾಕಿದರೆ ಬೆನ್ನು ಒಡೆಯುತ್ತದೆ. ಬ್ಲೇಡಿನ ಬೆನ್ನಿನಿಂದ ಅಡ್ಡ ಒಂದು ಗೆರೆ, ಮುಂಭಾಗದಿಂದ ಮೂರನೇ ಒಂದು ಪಾಲಿನಲ್ಲಿ. ಅದರ ನಡುವಿನಿಂದ ಹಿಂದಕ್ಕೆ ನೇರ ಒಂದು ಗೆರೆ. ರೆಕ್ಕೆ ಆಯಿತು. ಮುಂದೆ ತಲೆಗೆ ಸಣ್ಣ ಅರ್ಧಚಂದ್ರ, ಅದರ ಅಂಚಿನಲ್ಲಿ ದಬ್ಬಣದಿಂದ ನಾಲ್ಕು ಕಚ್ಚು. ಪಕ್ಕದಲ್ಲಿ ಕಾಲಿಗೆ ಮೂರು ಮೂರು ಓರೆ ಗೀಟು. ಮುಗಿಯಿತು. ಕಣ್ಣು, ಮೀಸೆ ಅಂತ ಹಾಕಲು ಹೋದರೆ ಕಾರ್ಟೂನ್ ಆಗುತ್ತದೆ, ನಮ್ಮ ಅಂಕಲ್ ಒಂದು ಮಾಡಿದ್ದಾರೆ, ಅದು ನಗುತ್ತದೆ.

ಕೆಳಗೆ ಏನು ಕೆತ್ತಲಿ? ಚಿತ್ರಲಿಪಿ ಸುಮ್ನೆ ಗೀಚಿದರೆ ಆಗುತ್ತಾ?

ಬೇಡ. ಓದಬಲ್ಲವರು ಒಬ್ಬರು ಸಿಕ್ಕರೂ ಮರ್ಯಾದೆ ಹೋಗುತ್ತದೆ. ಸುಲಭವಾದದ್ದು ಒಂದಿದೆ. 3ನೇ ಥಟ್ಮೋಸ್ ದೊರೆಯ ಪಟ್ಟದ ಹೆಸರು ಮೆನ್‌ಖೆಪೆರ್‌ರೆ. ಬರೆಯಲು ಮೂರೇ ಗುರುತು: ಮೇಲೆ ಸೂರ್ಯನ ದುಂಡು, ನಡುವೆ ಮೇಲೆ ಕಾಯಿ ಜೋಡಿಸಿದ ಪಗಡೆ ಹಲಗೆಯಂಥ ಆಯತ, ಕೆಳಗೆ ಜೀರುಂಡೆ. ಸುತ್ತ ಒಂದು ಉದ್ದನೆ ದುಂಡು ಗೆರೆ. ಅವನು ಸತ್ತು ನೂರಾರು ವರ್ಷ ಆದ ಮೇಲೂ ಜನ ಈ ಹೆಸರಿನ ತಾಯಿತ ಮಾಡಿಸಿಕೊಳ್ಳುತ್ತಿದ್ದರು. ಹಾಗಾಗಿ ನಾವು ಮಾಡಿದರೂ ಸಂಪ್ರದಾಯ ತಪ್ಪುವುದಿಲ್ಲ.

ಯಾವ ಓವನ್? ಎಷ್ಟು ಡಿಗ್ರಿ?

ಸಾಮಾನ್ಯ ಓಟಿಜಿ ಸಾಕು. ಪ್ಯಾಕೆಟ್ ಮೇಲೆ ಬರೆದಿದ್ದೇ ಕೊನೆ ಮಾತು. ಫಿಮೊಗೆ 110 ಡಿಗ್ರಿ, ಸ್ಕಲ್ಪಿ ಪ್ರೀಮೊಗೆ ಸುಮಾರು 130, ಅರ್ಧ ಗಂಟೆ. ದಪ್ಪ ಇದ್ದರೆ ಸಮಯ ಜಾಸ್ತಿ ಕೊಡಿ, ಶಾಖ ಜಾಸ್ತಿ ಕೊಡಬೇಡಿ.

ಓವನ್‌ನ ತಿರುಗುವ ಗುಂಡಿಯನ್ನು ನಂಬಬೇಡಿ. ನಾನು ನಂಬಿದ್ದೆ. ಎರಡು ವಾರ ಕೂತು ಮಾಡಿದ ಹಾರಕ್ಕೆ ನೂರಾರು ಕೊಳವೆ ಮಣಿ, ಎಲ್ಲ ಒಟ್ಟಿಗೆ ಇಟ್ಟು 130ಕ್ಕೆ ತಿರುಗಿಸಿ ಬಟ್ಟೆ ಒಣಗಿಸಲು ಮಹಡಿಗೆ ಹೋದೆ. ಇಳಿಯುವಷ್ಟರಲ್ಲಿ ಕಣ್ಣು ಉರಿಯುವ ವಾಸನೆ. ಪಕ್ಕದ ಮನೆ ಆಂಟಿ ವೈರ್ ಸುಡ್ತಿದೆ ಅಂತ ಓಡಿ ಬಂದರು. ನೀಲಿ ಮಣಿಯೆಲ್ಲ ಕಂದು, ಅಂಚಿನವು ಕಪ್ಪು, ಗುಳ್ಳೆ ಗುಳ್ಳೆ. ಆಮೇಲೆ ಓವನ್ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿದರೆ 130ಕ್ಕೆ ಇಟ್ಟದ್ದು 170 ತೋರಿಸುತ್ತಿದೆ! ಈ ಕ್ಲೇ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಗಂಟಲು ಉರಿಸುತ್ತದೆ. ಹಾಗೇನಾದರೂ ಆದರೆ ಸ್ವಿಚ್ ಆರಿಸಿ, ಕಿಟಕಿ ತೆಗೆದು, ಎಲ್ಲರೂ ಹೊರಗೆ ನಿಲ್ಲಿ.

ಆದ್ದರಿಂದ ಓವನ್ ಜೊತೆಗೇ ಥರ್ಮಾಮೀಟರ್ ತಗೊಳ್ಳಿ. ಕೆಳಗೆ ಟೈಲ್ಸ್ ಇಡಿ, ಶಾಖ ಏರಿಳಿಯುವುದು ಕಡಿಮೆಯಾಗುತ್ತದೆ. ಮೇಲೆ ಅಲ್ಯೂಮಿನಿಯಂ ಫಾಯಿಲ್‌ನ ಚಪ್ಪರ ಹಾಕಿ, ಬಿಳಿ ಮತ್ತು ಟ್ರಾನ್ಸ್‌ಲೂಸೆಂಟ್ ಕಂದಾಗುವುದಿಲ್ಲ. ಕೇಕ್ ಮಾಡುವ ಓವನ್ ಬೇರೆ ಇದ್ದರೆ ಒಳ್ಳೆಯದು.

ಮೈಕ್ರೋವೇವ್? ಇಡ್ಲಿ ಪಾತ್ರೆ? ಬಿಸಿಲು?

ಮೂರೂ ಇಲ್ಲ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ, ನಮ್ಮ ಹಾಸನ ಸಮುದ್ರಮಟ್ಟದಿಂದ ಸಾಕಷ್ಟು ಮೇಲಿರುವುದರಿಂದ ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಅದರಲ್ಲಿ ಬೆಂದದ್ದು ಗಟ್ಟಿಯಾದ ಹಾಗೆ ಕಂಡರೂ ಬಗ್ಗಿಸಿದರೆ ಪುಡಿ. ಅಲ್ಲದೆ ಇಡ್ಲಿ ಪಾತ್ರೆ ಇಡ್ಲಿಗೇ ಇರಲಿ.

ಮಳೆಗಾಲದಲ್ಲಿ ಮಾಡಬಹುದಾ?

ಖಂಡಿತ. ಟೆರ್ರಾಕೋಟಾ ಮಾಡುವವರು ಆಷಾಢದಲ್ಲಿ ಒಣಗಿಸಲು ಒದ್ದಾಡುತ್ತಾರೆ, ನಮಗೆ ಆ ತಾಪತ್ರಯ ಇಲ್ಲ. ಉಪ್ಪಿನ ಗುಳಿ ಮಾಡುವಾಗ ಮಾತ್ರ ಉಪ್ಪು ನೀರು ಬಿಟ್ಟುಕೊಂಡಿರುತ್ತದೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಕರೆಂಟ್ ಹೋಗುವುದು ನಿಜವಾದ ತೊಂದರೆ. ಅರ್ಧದಲ್ಲಿ ಹೋದರೆ ಹೆದರಬೇಡಿ. ಓವನ್ ತೆರೆಯದೆ ಬಿಡಿ, ಬಂದ ಮೇಲೆ ಮೊದಲಿನಿಂದ ಪೂರ್ತಿ ಅರ್ಧ ಗಂಟೆ ಕೊಡಿ. ಎರಡು ಸಲ ಬೆಂದರೆ ಏನೂ ಆಗುವುದಿಲ್ಲ, ಹಸಿ ಉಳಿದರೆ ಆಗುತ್ತದೆ.

ಬೇಸಿಗೆಯೇ ಹೆಚ್ಚು ಅಪಾಯ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಕ್ಲೇ ಬಿಡಬೇಡಿ, ಅರೆ ಬೆಂದುಹೋಗುತ್ತದೆ.

ತರಿಸಿದ ಕ್ಲೇ ಪುಡಿ ಪುಡಿ ಆಗ್ತಿದೆ. ವಾಪಸ್ ಕಳಿಸಲಾ?

ನನಗೂ ಒಮ್ಮೆ ಆನ್‌ಲೈನ್ ಅಂಗಡಿಯೊಂದು ಹಳೇ ಮಾಲು ಕಳಿಸಿತ್ತು, ಸುಣ್ಣದ ಕಲ್ಲಿನ ಹಾಗಿತ್ತು, ವಾಪಸ್ಸೂ ತಗೊಳ್ಳಲಿಲ್ಲ. ಪಾಕೆಟ್ಟನ್ನು ಕವರಿನಲ್ಲಿಟ್ಟು ಸ್ವಲ್ಪ ಹೊತ್ತು ಮೈಗೆ ತಾಗಿಸಿಕೊಂಡು ಕೂತರೆ ಬೆಚ್ಚಗಾಗಿ ಕೆಲವೊಮ್ಮೆ ಹದಕ್ಕೆ ಬರುತ್ತದೆ. ಇಲ್ಲವೇ ಲಿಕ್ವಿಡ್ ಕ್ಲೇ ಎರಡು ತೊಟ್ಟು ಹಾಕಿ ಕೊಚ್ಚಿ ಒತ್ತಿ. ಅದಕ್ಕೂ ಬಗ್ಗದಿದ್ದರೆ ಟರ್ಕ್ವಾಯ್ಸ್ ಮಾಡಿ, ಅದಕ್ಕೆ ಹೇಗೂ ಚೂರೇ ಬೇಕು.

ಬೆರಳಚ್ಚು ಹೋಗುತ್ತಿಲ್ಲ.

ಬೇಯಿಸುವ ಮುಂಚೆ ಹತ್ತಿಗೆ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಮಾಡಿ ಮೆಲ್ಲಗೆ ಒರೆಸಿ. ಬೆಂದ ಮೇಲೆ ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ, 400, 600, 800, 1000 ಹೀಗೆ ನಾಲ್ಕು ತಗೊಳ್ಳಿ. ಬೋಗುಣಿ ನೀರಿನೊಳಗೇ ಉಜ್ಜಿ, ಧೂಳು ಹಾರುವುದಿಲ್ಲ. ಕೊನೆಗೆ ಹಳೇ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿದರೆ ಕಲ್ಲಿನ ಹೊಳಪು ಬರುತ್ತದೆ. ಲಾಪಿಸ್, ಕಾರ್ನೀಲಿಯನ್‌ಗೆ ವಾರ್ನಿಷ್ ಬೇಡವೇ ಬೇಡ.

ಹೊಳಪಿಗೆ ನೇಲ್ ಪಾಲಿಶ್ ಹಚ್ಚಬಹುದಾ?

ಹಚ್ಚಬೇಡಿ. ಮೊದಲ ವಾರ ಮಿರಿಮಿರಿ, ಆಮೇಲೆ ಅಂಟು ಅಂಟು, ರವಿಕೆಗೆ ಮೆತ್ತಿಕೊಳ್ಳುತ್ತದೆ. ನೇಲ್ ಪಾಲಿಶ್‌ನ ದ್ರಾವಕ ಪಾಲಿಮರ್ ಕ್ಲೇಯನ್ನು ಕರಗಿಸುತ್ತದೆ. ಸ್ಪ್ರೇ ಡಬ್ಬಿಗಳದ್ದೂ ಅದೇ ಕತೆ. ಹಸಿ ಕ್ಲೇಯನ್ನು ತೆಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಕರಗಿ ಅಂಟಿಕೊಳ್ಳಬಹುದು. ಜಿಪ್ ಕವರ್ ಸಾಕು.

ಆ ಅಗಲವಾದ ಕೊರಳ ಹಾರ ಮಾಡೋದು ಹೇಗೆ?

ಅದಕ್ಕೆ ವೆಸೆಖ್ ಅನ್ನುತ್ತಾರೆ, ಅಗಲವಾದದ್ದು ಅಂತಲೇ ಅರ್ಥ. ಭುಜದಿಂದ ಭುಜಕ್ಕೆ ಹರಡಿರುತ್ತದೆ. ಕೊಳವೆ ಮಣಿಗಳನ್ನು ನಿಲ್ಲಿಸಿದ ಹಾಗೆ ಸಾಲು ಸಾಲು, ಹೊರಗಿನ ಸಾಲಿಗೆ ಹನಿಯಾಕಾರದ ಮಣಿ. ಎರಡು ತುದಿಗೆ ಅರ್ಧಚಂದ್ರದ ಇಲ್ಲವೇ ಗಿಡುಗನ ತಲೆಯ ಬಿಲ್ಲೆ. ಗುಟ್ಟು ಇರುವುದು ಒಳಸಾಲು ಗಿಡ್ಡ, ಹೊರಸಾಲು ಉದ್ದ ಮಾಡುವುದರಲ್ಲಿ. ಎಲ್ಲ ಸಾಲಿಗೂ ಅಷ್ಟೇ ಸಂಖ್ಯೆಯ ಮಣಿ ಹಾಕಿದರೆ ಹಾರ ಎದೆ ಮೇಲೆ ಕೂರುವುದಿಲ್ಲ, ಬಿಸಣಿಗೆ ಹಾಗೆ ಎದ್ದು ನಿಲ್ಲುತ್ತದೆ. ಒಂದು ಹಳೇ ಟೀ ಶರ್ಟಿನ ಕೊರಳನ್ನು ಕಾಗದದ ಮೇಲೆ ಬರೆದುಕೊಂಡು ಅದರ ಮೇಲೆ ಜೋಡಿಸಿ ನೋಡಿ.

ಅವರ ಹಾರ ಭಾರವಾಗಿದ್ದರಿಂದ ಬೆನ್ನ ಮೇಲೆ ಒಂದು ತೂಕದ ಬಿಲ್ಲೆ ಇಳಿಬಿಡುತ್ತಿದ್ದರು. ಪಾಲಿಮರ್ ಕ್ಲೇ ಹಗುರ, ಆದರೂ ಐದು ಸಾಲು ದಾಟಿದರೆ ನಾನೂ ಹಾಕುತ್ತೇನೆ. ಅದರಿಂದ ಮದುವೆ ಮನೆಯಲ್ಲಿ ಹಿಂದೆ ಕೂತವರಿಗೂ ನೋಡಲು ಒಂದು ವಸ್ತು ಸಿಗುತ್ತದೆ.

ಮೊದಲ ಸಲಕ್ಕೆ ಎರಡೇ ಸಾಲು ಮಾಡಿ, ನನ್ನ ಮಾತು ಕೇಳಿ.

ಸತ್ತವರ ಒಡವೆ ಮನೆಯಲ್ಲಿ ಬೇಡ ಅಂತ ಅಜ್ಜಿ ಬೈತಾರೆ.

ನಮ್ಮ ಅಜ್ಜಿಯೂ ಅಂದಿದ್ದರು. ಅಜ್ಜಿಗೆ ಹೇಳಿ: ಸಮಾಧಿಯಲ್ಲಿ ಸಿಕ್ಕಿದ್ದೆಲ್ಲ ಸತ್ತ ಮೇಲೆ ಮಾಡಿಸಿದ್ದಲ್ಲ. ಬದುಕಿದ್ದಾಗ ಹಾಕಿಕೊಂಡದ್ದನ್ನೇ ಜೊತೆಗಿಟ್ಟದ್ದೂ ಬಹಳ. ಜೀರುಂಡೆಯನ್ನು ಮುದ್ರೆ ಒತ್ತಲೂ ಬಳಸುತ್ತಿದ್ದರು. 3ನೇ ಅಮೆನ್‌ಹೋಟೆಪ್ ದೊರೆ ತನ್ನ ಸಿಂಹದ ಬೇಟೆಯ ಸುದ್ದಿಯನ್ನು ದೊಡ್ಡ ಜೀರುಂಡೆಗಳ ಹೊಟ್ಟೆ ಮೇಲೆ ಕೆತ್ತಿಸಿ ಹಂಚಿದ. ಹೃದಯದ ಜೀರುಂಡೆ ಅಂತ ಒಂದಿದೆ, ಹಸಿರು ಕಲ್ಲಿನದ್ದು, ಅದು ಮಾತ್ರ ಮಮ್ಮಿಯ ಎದೆಗೇ ಮೀಸಲು. ಅಜ್ಜಿ ಮನೆಯಲ್ಲಿದ್ದರೆ ಅದನ್ನು ಬಿಟ್ಟು ಉಳಿದದ್ದು ಮಾಡಿ.

ಮಕ್ಕಳು ಮಾಡಬಹುದಾ?

ಎಂಟು ಹತ್ತು ವರ್ಷದವರು ಆರಾಮಾಗಿ ಮಾಡುತ್ತಾರೆ, ಬ್ಲೇಡು ಮತ್ತು ಓವನ್ ನೀವು ನೋಡಿಕೊಳ್ಳಿ. ಕೈ ಸೋಪಿನಲ್ಲಿ ತೊಳೆಸಿಯೇ ಊಟಕ್ಕೆ ಕೂರಿಸಿ. ಬಾಯಿಗೆ ಹಾಕುವ ವಯಸ್ಸಿನವರಿಗೆ ಬೇಡ. ಲೋಟ, ತಟ್ಟೆ, ಚಮಚದಂಥ ಊಟದ ವಸ್ತು ಈ ಕ್ಲೇಯಲ್ಲಿ ಯಾರೂ ಮಾಡಬಾರದು.

ಮಾರುವಾಗ ಏನಂತ ಹೇಳಲಿ?

ಇದ್ದದ್ದು ಇದ್ದ ಹಾಗೆ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ನಾನು ಒಂದು ಸಣ್ಣ ಮೇಜು ಹಾಕುತ್ತೇನೆ. ಪ್ರತಿ ಸರಕ್ಕೂ 'ಪಾಲಿಮರ್ ಕ್ಲೇ, ಕೈಯಲ್ಲಿ ಮಾಡಿದ್ದು' ಅಂತ ಚೀಟಿ. ಒಬ್ಬರು ಬಂದು ಇದು ಒರಿಜಿನಲ್ ಲಾಪಿಸ್ ತಾನೇ ಅಂತ ಜೋಡಿ ಓಲೆ ಹಿಡಿದು ಕೇಳಿದರು. ಅಲ್ಲ ಅಂದೆ. ಮತ್ತೆ ಇಷ್ಟು ರೇಟಾ ಅಂತ ಇಟ್ಟು ಹೋದರು. ಅರ್ಧ ಗಂಟೆ ಬಿಟ್ಟು ವಾಪಸ್ ಬಂದು ತಗೊಂಡರು, ಚೌಕಾಸಿ ಮಾಡಿಯೇ.

ನೋಡಿದವರು ಪುರಾತನ ವಸ್ತು ಅಂತ ನಂಬುವಷ್ಟು ಹಳೆಯದಾಗಿ ಕಾಣಿಸಲು ಹೋಗಬೇಡಿ. ಈಜಿಪ್ಟ್ 1983ರಿಂದ ಪುರಾತನ ವಸ್ತುಗಳ ಮಾರಾಟವನ್ನೇ ನಿಷೇಧಿಸಿದೆ, ಆ ಗೋಜು ನಮಗೇಕೆ? ನಾನು ಪ್ರತಿ ಜೀರುಂಡೆಯ ಹೊಟ್ಟೆ ಮೂಲೆಯಲ್ಲಿ ಚಿಕ್ಕದಾಗಿ ಕನ್ನಡದ 'ಹಾ' ಒತ್ತಿರುತ್ತೇನೆ. ಯಾವ ಫೇರೋನೂ ಅದನ್ನು ಬಳಸಿರಲಿಕ್ಕಿಲ್ಲ.

ಸರದ ದಾರ ಕಿತ್ತುಹೋದರೆ?

ಮಣಿ ಒಡೆದಿದ್ದರೆ ಸೂಪರ್ ಗ್ಲೂ ಸಾಕು. ದಾರ ಕಿತ್ತರೆ ಮೊದಲು ಅಲ್ಲಾಡಬೇಡಿ. ಈಜಿಪ್ಟಿನ ಸಮಾಧಿಗಳಲ್ಲೂ ನಾರಿನ ದಾರ ಎಂದೋ ಕೊಳೆತುಹೋಗಿ ಮಣಿಗಳು ಬಿದ್ದ ಸಾಲಿನಲ್ಲೇ ಉಳಿದಿದ್ದವು. 1914ರಲ್ಲಿ ಲಾಹೂನ್ ಎಂಬಲ್ಲಿ ಪುರಾತತ್ವಜ್ಞ ಪೆಟ್ರಿಯವರ ಜೊತೆಗಾರ ಗೈ ಬ್ರಂಟನ್ ರಾಜಕುಮಾರಿಯೊಬ್ಬಳ ಒಡವೆಗಳನ್ನು ಕೆಸರಿನಿಂದ ಒಂದೊಂದಾಗಿ ಬಿಡಿಸಿ ತೆಗೆದರು. ಕಾರ್ಟರ್ ತಂಡದವರು ಅಲುಗಾಡುವ ಮಣಿಕೆಲಸದ ಮೇಲೆ ಕರಗಿಸಿದ ಮೇಣ ಹೊಯ್ದು, ಸಾಲು ಕೆಡದಂತೆ ಎತ್ತಿದರು. ನಮಗೆ ಮೇಣ ಬೇಡ, ಅಗಲದ ಸೆಲ್ಲೋ ಟೇಪ್ ಸಾಕು. ಬಿದ್ದ ಜಾಗದಲ್ಲೇ ಮಣಿಗಳ ಮೇಲೆ ಟೇಪ್ ಒತ್ತಿ ಎತ್ತಿ, ಫೋಟೋ ತೆಗೆದುಕೊಳ್ಳಿ, ಆಮೇಲೆ ಒಂದು ತುದಿಯಿಂದ ಪೋಣಿಸುತ್ತ ಬನ್ನಿ. ಸೋಫಾ ಕೆಳಗೆ ಉರುಳಿದ್ದನ್ನು ಕೊನೆಗೆ ಹುಡುಕಿದರಾಯಿತು.